ಗುರುವಾರ ನಾಲ್ಕು ಗಂಟೆ

ಭಾವ ಬೆರಳು ನೆಕ್ಕುವುದನ್ನು ಒಂಬತ್ತು ವರ್ಷ ನೋಡಿದ ಮೇಲೆ ಅವನಿಗೆ ಅನ್ನಿಸಿದ್ದು ಒಂದೇ: ಇಂಥವನು ಬದುಕಿರಬಾರದು.

ಅದು ಮೂಳೆ, ಗೊರಸು, ಹಸಿ ಚರ್ಮ ಕುದಿಸಿ ಅಂಟು ತೆಗೆಯುವ ಕಾರ್ಖಾನೆ. ಅಲ್ಲಿನ ನಾತಕ್ಕೆ ನೊಣವೂ ಮೂಗು ಮುಚ್ಚಬೇಕು. ಮ್ಯಾನೇಜರ್ ಭಾವ ಮಾತ್ರ ದಿನಾ ನಾಲ್ಕು ಗಂಟೆಗೆ ಕಲಸುವ ತೊಟ್ಟಿಯ ಮುಚ್ಚಳ ಎತ್ತಿ, ಸೊಂಟದವರೆಗೆ ಒಳಗೆ ಬಾಗಿ, ಬೆರಳದ್ದಿ, ಮೂಸಿ, ಚಪ್ಪರಿಸಿ, "ಹದ ಬಂತು ನೋಡು" ಎನ್ನುತ್ತಿದ್ದ. ಅದೇ ಎಂಜಲು ಬೆರಳಿನಿಂದ ಭಾವಮೈದನ ಕೆನ್ನೆ ತಟ್ಟುತ್ತಿದ್ದ. ಮನೆಗೆ ಹೋದರೆ ಅಕ್ಕನ ಸೆರಗಿಗೆ ಒರೆಸುತ್ತಿದ್ದ. ಅಕ್ಕ ನಗುತ್ತಿದ್ದಳು, ಅದು ಇನ್ನೂ ಹೇಸಿಗೆ.

ತೊಟ್ಟಿಗೆ ಪಿಎಲ್‌ಸಿ, ಅಂದರೆ ಯಂತ್ರ ನಡೆಸುವ ಪುಟ್ಟ ಕಂಪ್ಯೂಟರ್, ಕೂರಿಸಿದವನು ಭಾವಮೈದನಾದ ಅವನು. ಮುಚ್ಚಳ ತೆರೆದಿದೆಯೇ, ಒಳಗಿನ ಕಲಸುವ ರೆಕ್ಕೆ ತಿರುಗಬೇಕೇ, ನಿಲ್ಲಬೇಕೇ, ಎಲ್ಲವನ್ನೂ ತೀರ್ಮಾನಿಸುವ ಅಂಗೈಯಗಲದ ಪ್ರೊಸೆಸರ್‌ಗೆ ಪ್ರೋಗ್ರಾಂ ಬರೆದವನೂ ಅವನೇ. ಮಾಲೀಕರ ಮುಂದೆ "ನನ್ನ ಯೋಚನೆ" ಎಂದು ಹಲ್ಲು ಕಿರಿದು ಮ್ಯಾನೇಜರ್ ಕುರ್ಚಿ ಹತ್ತಿದವನು ಭಾವ. ಗೆದ್ದಲು ಹುತ್ತ ಕಟ್ಟಿತು, ಹಾವು ಬಂದು ಸೇರಿಕೊಂಡಿತು.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅವನು ಹೊಸ ಮೆಮೊರಿ ಕಾರ್ಡ್‌ನಲ್ಲಿ ಅದೇ ಪ್ರೋಗ್ರಾಂ ಬರೆದು ಎರಡು ಸಾಲು ಸೇರಿಸಿದ. ಗುರುವಾರ ನಾಲ್ಕರಿಂದ ಹತ್ತು ನಿಮಿಷ ಪ್ರೊಸೆಸರ್, ಮುಚ್ಚಳ ತೆರೆದೊಡನೆ ರೆಕ್ಕೆ ನಿಲ್ಲಿಸುವ ಸ್ವಿಚ್ಚನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ರೆಕ್ಕೆ ತಿರುಗುತ್ತದೆ. ಆ ಹೊತ್ತಿಗೆ ತಾನು ಅಕ್ಕನನ್ನು ಹಲ್ಲಿನ ಡಾಕ್ಟರ ಹತ್ತಿರ ಕೂರಿಸಿಕೊಂಡಿರುತ್ತಾನೆ. ಅನಾಹುತವಾದರೆ ಮೊದಲ ಫೋನು ತನಗೇ, ಏಕೆಂದರೆ ಪ್ರೊಸೆಸರ್ ಇರುವ ಪ್ಯಾನೆಲ್ ಪೆಟ್ಟಿಗೆಯ ಬೀಗ ತೆಗೆಯಬಲ್ಲವನು ತಾನೊಬ್ಬನೇ. ಬಂದು ಹಳೆಯ ಕಾರ್ಡ್ ಹಾಕಿ, ಮುಚ್ಚಳಕ್ಕೆ ಸವೆದ ಸ್ವಿಚ್ಚೊಂದು ತಿರುಪಿಬಿಟ್ಟರೆ ಆಯಿತು. ತಪ್ಪು ಸ್ವಿಚ್ಚಿನದು.

ಸೋಮವಾರ ಸಂಜೆ ಆರಕ್ಕೆ ಕೆಲಸದವರು ಹೋದ ಮೇಲೆ ಪ್ಯಾನೆಲ್ ತೆರೆದ. ಬಾಗಿಲ ಒಳಮೈಯಲ್ಲಿ ವಾರ್ಷಿಕ ತಪಾಸಣೆಯ ಹಾಳೆ, ಅದರ ತುಂಬ ಅವನ ಮುತ್ತಿನಂಥ ಸಹಿಗಳು. ಪ್ರೊಸೆಸರ್ ಮೇಲೆ ಒಂದು ಕಡೆ ಅವನೇ ಎಂದೋ ಅಂಟಿಸಿದ್ದ ಕಪ್ಪು ಟೇಪು. ನಿಯಮದ ಪ್ರಕಾರ ಕರೆಂಟ್ ತೆಗೆದು, ಕಾರ್ಡ್ ಬದಲಿಸಿ, ಕರೆಂಟ್ ಕೊಟ್ಟ. ಹಸಿರು ದೀಪ ಹತ್ತಿತು. ತನ್ನ ಕೈಚಳಕವನ್ನು ತಾನೇ ಮೆಚ್ಚಿಕೊಂಡ.

ಗುರುವಾರ ಫೋನು ಬರಲೇ ಇಲ್ಲ.

ಶುಕ್ರವಾರ ಬೆಳಿಗ್ಗೆ ಭಾವ ತೊಟ್ಟಿಯ ಪಕ್ಕದಲ್ಲೇ ನಿಂತಿದ್ದ, ಬೋಳು ಬೆರಳು ತೋರಿಸುತ್ತ.

"ನಿನ್ನೆ ಮಾಲೀಕರು ಕೂರಿಸ್ಕೊಂಡ್ಬಿಟ್ರು ಕಣೋ, ಐದಕ್ಕೆ ಬಂದೆ. ಬೆರಳದ್ದಿದ್ನಾ, ಉಂಗುರ ಜಾರಿಬಿಡ್ತು. ರಾತ್ರಿ ತೊಟ್ಟಿ ಖಾಲಿ ಮಾಡಿಸಿದೀನಿ. ತಳದಲ್ಲಿ ಅಂಟ್ಕೊಂಡಿದೆ ನೋಡು. ನನ್ನ ಹೊಟ್ಟೆ ಅಷ್ಟು ಬಗ್ಗಲ್ಲ."

ಓಹೋ, ಒಂದು ಗಂಟೆಯ ಅಂತರದಲ್ಲಿ ಬಚಾವಾದ. ಇರಲಿ, ಗುರುವಾರ ವಾರಕ್ಕೊಮ್ಮೆ ಬಂದೇ ಬರುತ್ತದೆ. ಅವನು ಅಂಗಿಯ ತೋಳು ಮಡಚಿ, ಕೊಳೆತ ವಾಸನೆಗೆ ಉಸಿರು ಬಿಗಿಹಿಡಿದ.

"ಮೇನ್ ಆಫ್ ಮಾಡಪ್ಪಾ ಮೊದ್ಲು," ಎಂದ ಭಾವ. "ನಿಂಗೇನಾದ್ರೂ ಆದ್ರೆ ನಿಮ್ಮಕ್ಕನಿಗೆ ನಾನೇನು ಹೇಳ್ಲಿ?"

"ಮುಚ್ಚಳ ತೆಗೆದಿದ್ರೆ ಅದು ಅಲ್ಲಾಡಲ್ಲ ಭಾವ. ಬರೆದವನು ನಾನು."

ಸೊಂಟದವರೆಗೆ ಒಳಗೆ ಬಾಗಿದ. ರೆಕ್ಕೆಗಳ ನಡುವೆ, ಲೋಳೆಯಲ್ಲಿ, ಉಂಗುರ ಬೆರಳಿಗೆ ತಾಗಿತು. ಗೋಡೆಯ ಗಡಿಯಾರದಲ್ಲಿ ಹತ್ತಾಗುತ್ತಿತ್ತು.

ಕಪ್ಪು ಟೇಪಿನ ಅಡಿಯಲ್ಲಿ ಒಂದು ಕೆಂಪು ದೀಪ ಮೂರು ವರ್ಷದಿಂದ ಉರಿಯುತ್ತಿತ್ತು. ಪ್ರೊಸೆಸರ್‌ನ ಬ್ಯಾಟರಿ ಸತ್ತಿದೆ ಎಂದು ಹೇಳುವ ದೀಪ. ಮೂರು ವರ್ಷವೂ ಅವನು ಅದಕ್ಕೆ ಟೇಪು ಹಚ್ಚಿ, ಹಾಳೆಯಲ್ಲಿ 'ಬದಲಿಸಲಾಗಿದೆ' ಎಂದು ಸಹಿ ಹಾಕಿದ್ದ. ಪ್ರೋಗ್ರಾಂ ಕಾರ್ಡ್‌ನಲ್ಲಿರುತ್ತದೆ, ಅದಕ್ಕೆ ಬ್ಯಾಟರಿ ಬೇಡ. ಕರೆಂಟ್ ಹೋದಾಗ ಪ್ರೊಸೆಸರ್ ಒಳಗಿನ ಗಡಿಯಾರಕ್ಕೆ ಬೇಕು. ಸೋಮವಾರ ಸಂಜೆ ಆರಕ್ಕೆ ಅವನು ಕರೆಂಟ್ ತೆಗೆದು ಕೊಟ್ಟಾಗ ಅದು ಎಲ್ಲ ಮರೆತು, ಸೋಮವಾರ, ಸೊನ್ನೆ ಗಂಟೆಯಿಂದ ಹೊಸದಾಗಿ ಎಣಿಸತೊಡಗಿತ್ತು. ಹೊರಗಿನ ಗಡಿಯಾರಕ್ಕಿಂತ ಹದಿನೆಂಟು ಗಂಟೆ ಹಿಂದೆ. ಹೊರಗೆ ಶುಕ್ರವಾರ, ಹತ್ತು ಗಂಟೆ. ಪ್ರೊಸೆಸರ್‌ನಲ್ಲಿ ಗುರುವಾರ, ಸರಿಯಾಗಿ ನಾಲ್ಕು.