ಯಿಟ್ಕಾಳ ಪಾಲಿನ ತುಂಡು

ಹೊಸ ವರ್ಷದ ಮಧ್ಯಾಹ್ನ ಅರಿಸ್ತೇಯಾ ಬೆರಳಿಗಂಟಿದ ಕೇಕಿನ ಪುಡಿಯನ್ನೂ ಒರೆಸಿಕೊಳ್ಳದೆ ಮೆಟ್ಟಿಲಿಳಿದು ಬಂದು ಲಿಸಾಂದ್ರೋಸರ ಬಾಗಿಲು ಬಡಿದಳು.

"ಬಾಗಿಲೇನು ಪಾಪ ಮಾಡಿದೆ? ತೆಗೆದೇ ಇದೆ" ಎಂದು ಒಳಗಿನಿಂದ ದನಿ ಬಂತು.

ನಿವೃತ್ತ ಪೊಲೀಸ್ ಇನ್ಸ್‌ಪೆಕ್ಟರು ನೋಯುವ ಕಾಲನ್ನು ಸ್ಟೂಲಿನ ಮೇಲೆ ಚಾಚಿ, ಪಗಡೆಯ ಹಲಗೆ ಹಾಸಿಕೊಂಡು ಕೂತಿದ್ದರು. ಥೆಸಲೊನೀಕಿ ನಗರದ ಆ ಹಳೆಯ ಕಟ್ಟಡದಲ್ಲಿ ಏನು ಕಳೆದರೂ ಜನ ಮೊದಲು ಅವರ ಬಳಿಗೇ ಬರುತ್ತಿದ್ದರು. ಅವರ ಪರವಾಗಿ ಮೆಟ್ಟಿಲು ಹತ್ತಿಳಿಯುವವಳು ನೆರೆಮನೆಯ ಅರಿಸ್ತೇಯಾ.

"ಆಟ ಆಮೇಲೆ. ಮೇಲಿನ ಮನೆ ಫೋತಿಸ್ ಕೇಕು ತಿನ್ನೋಕೆ ಕರೆದಿದ್ದ, ಅಲ್ಲಿ ಕಳ್ಳತನ ಆಗಿದೆ. ಹೊಸ ವರ್ಷದ ಕೇಕಿನೊಳಗೆ ಅದೃಷ್ಟಕ್ಕೆ ಅಂತ ಇಡೋ ಚಿನ್ನದ ನಾಣ್ಯ ಮಾಯ. ಯಿಟ್ಕಾನೇ ತೆಗೆದಿರೋದು ಅಂತ ಎಲ್ಲರೂ ಹೇಳ್ತಿದಾರೆ."

"ಎಲ್ಲರೂ ಅಂದ್ರೆ, ನೀವೂನಾ?"

ಅರಿಸ್ತೇಯಾ ಬೆರಳಿನ ಪುಡಿಯನ್ನು ಈಗ ಒರೆಸಿಕೊಂಡಳು.

ಯಿಟ್ಕಾ ಚೆಕ್ ದೇಶದ ಹುಡುಗಿ. ಶಾಲೆ ಮುಗಿಸಿ, ಏಜೆನ್ಸಿಯೊಂದರ ಮೂಲಕ ಶರತ್ಕಾಲದಲ್ಲಿ ಫೋತಿಸನ ಮನೆ ಸೇರಿದ್ದಳು. ಅವನ ಪುಟ್ಟ ಮಗಳು ಮಿರ್ತೋಳನ್ನು ನೋಡಿಕೊಳ್ಳುವುದು, ಇಲ್ಲಿನ ಭಾಷೆ ಕಲಿಯುವುದು, ಮನೆಯವರೊಡನೆ ಮನೆಯವಳಾಗಿ ಉಣ್ಣುವುದು. ಫೋತಿಸನ ಹೆಂಡತಿ ಊರಾನಿಯಾ ಮೊದಲ ದಿನವೇ, "ನೀನು ಕೆಲಸದವಳಲ್ಲ, ನನ್ನನ್ನ ಅಕ್ಕಾ ಅನ್ನು" ಎಂದಿದ್ದಳು. ಆ ಹುಡುಗಿ ನಂಬಿ ಹಾಗೇ ಕರೆಯುತ್ತಿದ್ದಳು.

"ಸೂಟ್‌ಕೇಸ್ ಹುಡುಕಿದ್ವಿ" ಎಂದಳು ಅರಿಸ್ತೇಯಾ. "ಊರಾನಿಯಾ ಹುಡುಕಿದ್ಲು. ನಾನು ಮುಚ್ಚಳ ಹಿಡಕೊಂಡಿದ್ದೆ, ಅಷ್ಟೇ."

ಅಷ್ಟೇ ಅಲ್ಲ. ಹುಡುಗಿಯ ಕಾಲುಚೀಲಗಳನ್ನು ಜೋಡಿ ಜೋಡಿಯಾಗಿ ಬಿಡಿಸಿ ಕೊಡವಿದ್ದು ಅವಳೇ. ಒಳಬಟ್ಟೆಗಳು ಮಂಚದ ಮೇಲೆ ಬೀಳುವಾಗ ಯಿಟ್ಕಾ ಗೋಡೆಗೆ ಒರಗಿ, ತನ್ನ ಮೈಯ ಮೇಲಿನದನ್ನೇ ಕಳಚುತ್ತಿದ್ದಾರೇನೋ ಎಂಬಂತೆ ತೋಳು ಕಟ್ಟಿ ನಿಂತಿದ್ದಳು. ಆ ನಿಲುವು ಅರಿಸ್ತೇಯಾಳ ಕಣ್ಣಿಂದ ಹೋಗುತ್ತಿರಲಿಲ್ಲ.

"ಏನು ಸಿಕ್ತು?"

"ನಾಣ್ಯ ಇಲ್ಲ. ಅವಳ ಪಾಲಿನ ಕೇಕು ಸಿಕ್ತು. ತಿಂದೇ ಇಲ್ಲ, ಕರವಸ್ತ್ರದಲ್ಲಿ ಸುತ್ತಿ ಬಟ್ಟೆ ನಡುವೆ ಇಟ್ಟಿದ್ಲು. ಅದರ ತಳದಲ್ಲಿ ತೂತು. ಊರಾನಿಯಾ ಅದನ್ನೇ ಹಿಡಕೊಂಡು 'ಸಾಕ್ಷಿ' ಅಂತಿದಾಳೆ. ಫೋತಿಸ್ ಏಜೆನ್ಸಿಯವರಿಗೆ ಫೋನೂ ಮಾಡಿಬಿಟ್ಟ. ನಾಳೆ ವಾಪಸ್ ಕಳಿಸ್ತಾರೆ. ಕಳ್ಳಿ ಅಂತ ಹೆಸರು ಬಿದ್ರೆ ಇನ್ಯಾರು ಮನೆಗೆ ಸೇರಿಸ್ತಾರೆ?"

ಲಿಸಾಂದ್ರೋಸರು ಕೋಲಿಗೆ ಕೈ ಚಾಚಿದರು. "ಕೇಕು ಹೇಗೆ ಕತ್ತರಿಸಿದ್ರು, ಅದನ್ನ ಹೇಳಿ. ಏನೂ ಬಿಡಬೇಡಿ."

ಮೆಟ್ಟಿಲು ಹತ್ತುತ್ತ ಅರಿಸ್ತೇಯಾ ಹೇಳಿದಳು. ಕೇಕು ಮಾಡಿದ್ದು ಫೋತಿಸನ ತಾಯಿ ಎವಾಂಥಿಯಾ, ನಾಣ್ಯ ಅವಳ ತವರಿನದು. ನಿನ್ನೆ ಸಂಜೆ ತಂದದ್ದು ರಾತ್ರಿಯೆಲ್ಲ ಅಡುಗೆಮನೆಯಲ್ಲಿತ್ತು. ಯಿಟ್ಕಾ ಮಲಗುವುದು ಅದರ ಪಕ್ಕದ ಕೋಣೆಯಲ್ಲಿ. ಇವತ್ತು ಫೋತಿಸ್ ಚಾಕು ಎತ್ತಿದಾಗ ಎವಾಂಥಿಯಾ ತಟ್ಟೆಯನ್ನು ತಿರುಗಿಸಿ, "ಈ ಕಡೆಯಿಂದ ಶುರು ಮಾಡಪ್ಪ" ಎಂದಳು. ವಾಡಿಕೆಯಂತೆ ಮೊದಲ ತುಂಡು ಕ್ರಿಸ್ತನಿಗೆ, ಆಮೇಲೆ ದೇವಮಾತೆಗೆ, ಮನೆಗೆ. ನಂತರ ಹಿರಿಯರಿಂದ ಕಿರಿಯರಿಗೆ. ಮಿರ್ತೋಳ ಸರದಿ ಬಂದಾಗ ಫೋತಿಸ್ ತಟಕ್ಕನೆ ನೆನೆದು, "ಅಯ್ಯೋ, ಯಿಟ್ಕಾ ಇದಾಳಲ್ಲ! ಮಿರ್ತೋಗಿಂತ ದೊಡ್ಡವಳು" ಎಂದು ಅವಳ ಹೆಸರು ಕರೆದು ಕತ್ತರಿಸಿದ. ಮಗುವಿಗೆ ಅದರ ಪಕ್ಕದ ತುಂಡು.

"ಬಡಿಸಿದ್ದು ಯಾರು?"

"ಎವಾಂಥಿಯಮ್ಮನೇ. ಬೆಳ್ಳಿ ಸಟ್ಟುಗದಲ್ಲಿ..." ಅರಿಸ್ತೇಯಾ ನಿಂತಳು. "ಯಿಟ್ಕಾಳದ್ದು ಮಾತ್ರ ಕೈಯಲ್ಲಿ ಎತ್ತಿದ್ರು. ಅಷ್ಟರಲ್ಲಿ ಊರಾನಿಯಾ ಮಗಳ ತುಂಡು ಪುಡಿ ಮಾಡಿ ಹುಡುಕ್ತಿದ್ಲು."

ಫೋತಿಸನ ಹೊಸ್ತಿಲಲ್ಲಿ ಬೆಳಿಗ್ಗೆ ಶುಭಕ್ಕೆಂದು ಒಡೆದ ದಾಳಿಂಬೆಯ ಕಾಳುಗಳು ಚೆಲ್ಲಿದ್ದವು. ಒಳಗೆ ಎವಾಂಥಿಯಾ ಎದೆಯುರಿ ಎಂದು ಎದೆಗೆ ಅಂಗೈ ಒತ್ತಿಕೊಂಡು ಮೂಲೆಯಲ್ಲಿದ್ದಳು. ಲಿಸಾಂದ್ರೋಸರು ಎಲ್ಲರನ್ನೂ ಮೇಜಿನ ಸುತ್ತ ಕೂರಿಸಿ, ಕರವಸ್ತ್ರದಲ್ಲಿದ್ದ ಕೇಕಿನ ತುಂಡನ್ನು ತಲೆಕೆಳಗಾಗಿ ಇಟ್ಟರು.

"ನೋಡಿ. ಹಿಟ್ಟಲ್ಲೇ ನಾಣ್ಯ ಹಾಕಿ ಬೇಯಿಸಿದ್ರೆ ಅದರ ಸುತ್ತ ಕೇಕು ಬೆಂದು ನುಣ್ಣಗೆ ಕೂತಿರುತ್ತೆ. ಇಲ್ಲಿ ತಳದ ಕಂದು ಪದರವನ್ನ ಚಾಕುವಿನಿಂದ ಸೀಳಿದಾರೆ. ಅಂದ್ರೆ ಬೆಂದ ಮೇಲೆ ತುರುಕಿದ್ದು. ತುರುಕಿದವರಿಗೆ ಜಾಗ ಗೊತ್ತಿತ್ತು."

"ರಾತ್ರಿ ಇವಳು ಅದನ್ನ ಹುಡುಕಿ ತೆಗೆದಿರಬಹುದಲ್ಲ?" ಎಂದ ಫೋತಿಸ್.

"ಹಾಗಾಗಿದ್ರೆ ತೂತಿನ ಒಳಗೆಲ್ಲ ಒಣಗಿರ್ತಿತ್ತು. ಮುಟ್ಟಿ ನೋಡಿ, ಇನ್ನೂ ಮೆತ್ತಗಿದೆ. ಇದನ್ನ ಇವತ್ತು ಬೆರಳಿಂದ ಕೆದಕಿದಾರೆ."

"ತಿಂದಿಲ್ಲ, ಬಚ್ಚಿಟ್ಟಿದಾಳೆ, ಇನ್ನೇನು ಬೇಕು ಇನ್ಸ್‌ಪೆಕ್ಟರೇ?" ಎಂದಳು ಊರಾನಿಯಾ.

"ಇಟ್ಟಿದ್ದು ಯಾಕಮ್ಮ, ಯಿಟ್ಕಾ?"

ಹುಡುಗಿ ತಲೆಯೆತ್ತಲಿಲ್ಲ. "ನನ್ನ ಹೆಸರು ಕರೆದು ಕೊಟ್ರು. ಊರಿಗೆ ಹೋದಾಗ ಅಮ್ಮಂಗೆ ತೋರಿಸೋಣ ಅಂತ."

ಲಿಸಾಂದ್ರೋಸರು ಊರಾನಿಯಾಳ ಕಡೆ ತಿರುಗಿದರು.

"ಸರಿ, ನಾಣ್ಯ ಇವಳ ತುಂಡಲ್ಲೇ ಇತ್ತು ಅಂತ ನೀವೇ ಹೇಳ್ತೀರಿ. ತನ್ನ ತುಂಡಲ್ಲಿ ಸಿಕ್ಕಿದ ನಾಣ್ಯ ಯಾರದು?"

"ಸಿಕ್ಕಿದೋರದ್ದೇ! ವರ್ಷಾನೂ ಅವರದ್ದೇ!" ಎಂದು ಕೂಗಿದಳು ಮಿರ್ತೋ.

"ಹ್ಞಾಂ. ಕೈಯೆತ್ತಿ ಕುಣಿಯಬೇಕಾದವಳು ತನ್ನದನ್ನ ತಾನೇ ಯಾಕೆ ಕದೀತಾಳೆ? ನೀವೆಲ್ಲ ಹುಟ್ಟಿದಾಗಿಂದ ಈ ಕೇಕು ತಿಂದವರು. ಒಬ್ಬರಿಗಾದ್ರೂ ಹೊಳೀಲಿಲ್ವಲ್ಲ! ನಾಣ್ಯ ಇವಳಿಗೆ ಸಿಗಬಾರದು ಅಂದುಕೊಂಡವರಿಗೆ ಮಾತ್ರ ಅದನ್ನ ತೆಗೆಯೋ ಕೆಲಸ ಇತ್ತು."

ಅರಿಸ್ತೇಯಾಳ ಕಿವಿ ಬಿಸಿಯಾಯಿತು. ಅವಳಿಗೂ ಹೊಳೆದಿರಲಿಲ್ಲ. ಆ ತುಂಡು ಹುಡುಗಿಯದ್ದು ಎಂದು ಒಳಗೊಳಗೆ ಯಾರೂ ಒಪ್ಪಿರಲೇ ಇಲ್ಲ.

ಲಿಸಾಂದ್ರೋಸರ ದನಿ ತಗ್ಗಿತು. "ಮಕ್ಕಳಿಗೆ ಸಿಗಲಿ ಅಂತ ಗುರುತು ಮಾಡಿ ಇಡೋದು ಈ ಊರಿನ ಅಜ್ಜಿಯರೆಲ್ಲರ ಚಾಳಿ, ತಪ್ಪೇನಲ್ಲ. ಲೆಕ್ಕ ಹಾಕಿ ತಟ್ಟೆ ತಿರುಗಿಸಿದ್ರಿ. ಯಿಟ್ಕಾಳ ಹೆಸರು ಲೆಕ್ಕದಲ್ಲಿ ಇರಲಿಲ್ಲ. ಮಗು ತುಂಡು ಅವಳ ಪಾಲಾಯ್ತು. ಸಟ್ಟುಗ ಬಿಟ್ಟು ಕೈ ಹಾಕಿ ನಾಣ್ಯ ಕೆದಕಿ ತೆಗೆದ್ರಿ. ಮಗು ತುಂಡಿಗೆ ಸೇರಿಸೋಣ ಅಂದ್ರೆ ಅದನ್ನಾಗಲೇ ಸೊಸೆ ಪುಡಿ ಮಾಡಿದ್ಲು. ಸರಿನಾ, ಎವಾಂಥಿಯಮ್ಮ?"

ಮುದುಕಿ ಅಂಗೈ ತೆಗೆದಳು. ಒಳ ಅಂಗಿಗೆ ಪಿನ್ನು ಚುಚ್ಚಿ ಸಿಕ್ಕಿಸಿದ ಪುಟ್ಟ ಗಂಟು ಬಿಚ್ಚಿ ನಾಣ್ಯವನ್ನು ಮೇಜಿನ ಮೇಲಿಟ್ಟಳು.

"ಬೇಸಿಗೆಗೆ ಹೊರಟುಹೋಗೋಳು. ಮನೆ ಅದೃಷ್ಟಾನೂ ಅವಳ ಜೊತೆ ವಿಮಾನ ಹತ್ತಿಬಿಡುತ್ತೆ ಅನ್ನಿಸ್ತು. ಆಮೇಲೆ 'ಇಲ್ಲೇ ಬಿದ್ದಿತ್ತು' ಅನ್ನೋಣ ಅಂತಿದ್ದೆ. ನೀವು ಸೂಟ್‌ಕೇಸ್ ತೆಗೆದ್ರಿ. ನಾಲಗೆ ಏಳಲಿಲ್ಲ."

"ಅತ್ತೆ!" ಎಂದಳು ಊರಾನಿಯಾ.

ಫೋತಿಸ್ ಕೆಮ್ಮಿ ಫೋನ್ ಎತ್ತಿಕೊಂಡು ನಂಬರ್ ಒತ್ತಿದ. "ಏಜೆನ್ಸಿಗೆ ಹೇಳಿಬಿಡ್ತೀನಿ. ಏನೋ ತಪ್ಪು ತಿಳುವಳಿಕೆ ಆಯ್ತು ಅಂತ..."

"ಬೇಡ." ಯಿಟ್ಕಾ ಎದ್ದು ನಿಂತಿದ್ದಳು. ಭಾಷೆ ಸಾಲದೆ ತಡವರಿಸಿದಳು, ಆದರೆ ಹಿಂದೆ ಸರಿಯಲಿಲ್ಲ. "ತಪ್ಪು ತಿಳುವಳಿಕೆ ಅಲ್ಲ. ಆಗ ಏಜೆನ್ಸಿಗೆ ನನ್ನ ಹೆಸರು ಹೇಳಿದ್ರಿ. ಈಗಲೂ ಕದ್ದವರ ಹೆಸರು ಹೇಳಿ."

ಫೋತಿಸ್ ತಾಯಿಯ ಮುಖ ನೋಡಿದ, ನೆಲ ನೋಡಿದ. ಫೋನಿನ ಆಚೆಯಿಂದ ಏಜೆನ್ಸಿಯ ಹೆಂಗಸೊಬ್ಬಳ ದನಿ "ಹಲೋ, ಹಲೋ" ಎನ್ನುತ್ತಿತ್ತು.

ಎವಾಂಥಿಯಾ ಮಗನ ಕೈಯಿಂದ ಫೋನ್ ಕಿತ್ತುಕೊಂಡಳು. "ಕೇಳಮ್ಮ. ನಾಣ್ಯ ಕದ್ದವಳು ನಾನು, ಎವಾಂಥಿಯಾ, ಫೋತಿಸನ ತಾಯಿ. ಹುಡುಗಿಯದ್ದೇ ನಾಣ್ಯ, ಅವಳಿಂದಲೇ ಕದ್ದೆ. ಬರೆದುಕೋ."

ಆಮೇಲೆ ಊರಾನಿಯಾ ಫೋನಿಗೆ ಕೈ ಚಾಚಿದಳು. ಅವಳು ಏನು ಹೇಳಿದಳೋ ಅರಿಸ್ತೇಯಾಳಿಗೆ ಕೇಳಿಸಲಿಲ್ಲ. ಅರಿಸ್ತೇಯಾ ತನ್ನ ಸರದಿಗೆ ಕಾಯುತ್ತ, ಆಡಬೇಕಾದ ಮಾತನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ಜೋಡಿಸಿಕೊಳ್ಳುತ್ತಿದ್ದಳು. ಮುಚ್ಚಳ ಹಿಡಿದಿದ್ದೆ ಎಂದಷ್ಟೇ ಹೇಳಿದರೆ ಸಾಲದು ಎಂದು ಅವಳಿಗೆ ಗೊತ್ತಿತ್ತು.