ಕುಂಕುಮ ಇಟ್ಟ ಯಂತ್ರ

"ಈ ಡಬ್ಬಿ ತೊಳೆದದ್ದು ಯಾರು?"

ಪಾಂಡವಪುರದ ಆ ಕಾಲೇಜಿನ ಲ್ಯಾಬಿನಲ್ಲಿ ಸ್ಪಂದನ ಬಾಗಿಲಲ್ಲೇ ನಿಂತು ಕೇಳಿದಳು. ಅರೆಯುವ ಯಂತ್ರದ ಉಕ್ಕಿನ ಡಬ್ಬಿ ಫಳಫಳ ಹೊಳೆಯುತ್ತಿತ್ತು. ಯಂತ್ರದ ನೆತ್ತಿಗೆ ಅರಿಶಿನ, ಕುಂಕುಮ, ಒಂದು ಮೊಳ ಸೇವಂತಿಗೆ.

"ನಾನೇ," ಎಂದ ಕಿಶನ್, ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಾ. "ಆಯುಧಪೂಜೆ ಅಲ್ವಾ ಇವತ್ತು..."

"ಒಳಗೆ ನನ್ನ ಪುಡಿ ಇತ್ತು ಕಣ್ರೀ."

ಅವನು ಡಬ್ಬಿಯೊಳಗೆ ಇಣುಕಿದ. "ಹಳೇದು ಅಂಟ್ಕೊಂಡದೆ ಅನ್ಕೊಂಡೆ..."

ಅದು ಅಂತಿಂಥ ಪುಡಿಯಲ್ಲ. ಕಣ್ಣಿಗೆ ಕಾಣದ ಕೋಟಿ ರಂಧ್ರಗಳಿದ್ದು, ಗಾಳಿಯ ತೇವ ಹೀರಿಕೊಂಡು, ಬಿಸಿಲು ತಾಗಿದರೆ ನೀರಾಗಿ ಬಿಟ್ಟುಕೊಡುವಂಥದ್ದು. ಅದನ್ನೇ ಕಿಶನ್ ಘಾಟು ದ್ರಾವಕದಲ್ಲಿ ಕುದಿಸಿ ಮಾಡುತ್ತಿದ್ದ. ಇವಳು ವಿಷದ ಸೋಂಕಿಲ್ಲದೆ, ನಾಲ್ಕು ತೊಟ್ಟು ನೀರು ಹಾಕಿ ಅರೆದೇ ಮಾಡುತ್ತಿದ್ದಳು. ನಾಳೆ ಬೆಳಗಿನ ಜಾವವೇ ಎರಡೂ ಪುಡಿ ಪರೀಕ್ಷೆಗೆ ಮೈಸೂರಿಗೆ ಹೋಗಬೇಕು. ಗೆದ್ದ ವಿಧಾನ ಮಾತ್ರ ಮುಂದುವರಿಯುತ್ತದೆ, ಸೋತವರು ಲ್ಯಾಬ್ ಬಿಡಬೇಕು ಎಂದು ಇಬ್ಬರ ಸಂಶೋಧನೆಗೂ ಗೈಡ್ ಆಗಿದ್ದವರು ಹೇಳಿಬಿಟ್ಟಿದ್ದರು.

'ಬೇಕಂತಲೇ ಮಾಡಿದನಾ...?'

"ಈಗ್ಲೇ ಮತ್ತೆ ಅರೀರಿ," ಎಂದ ಅವನು. "ಸಂಜೆಗೆ ಆಗೋಯ್ತದೆ."

"ಹೇಗೆ ಅರೀಲಿ? ಕುಂಕುಮ ಬೇರೆ ಇಟ್ಟಿದ್ದೀರಲ್ಲ."

"ಅದ್ಕೇನಂತೆ? ನಮ್ಮೂರು ಶೀಳನೆರೇಲಿ ಟ್ರಾಕ್ಟರು ತೊಳ್ದು, ಪೂಜೆ ಮಾಡಿ, ಆಗ್ಲೇ ಒಂದು ರೌಂಡು ಓಡಿಸ್ತೀವಿ."

"ನೀವು ಓಡಿಸ್ತೀರ ಸ್ವಾಮಿ. ನಾವು ಕುಲುಮೆ ಕೆಲಸದ ಆಚಾರ್ರು. ಪೂಜೆಗೆ ಕೂತ ಸುತ್ತಿಗೆನ ಅಪ್ಪ ನಾಳೆ ಬೆಳಿಗ್ಗೆವರೆಗೂ ಮುಟ್ಟಲ್ಲ. ನಾನೂ ಮುಟ್ಟಲ್ಲ. ಅದಕ್ಕೇ ನಿನ್ನೆನೇ ಅರೆದಿಟ್ಟಿದ್ದೆ..."

ಅವಳು ಸ್ಟೂಲಿನ ಮೇಲೆ ಕುಸಿದಳು. ದುಡಿಯುವ ವಸ್ತುವಿನಲ್ಲಿ ಕೂತ ದೇವರಿಗೂ ಒಂದು ದಿನ ವಿಶ್ರಾಂತಿ ಬೇಕು ಎಂದು ನಂಬಿದ ಮನೆತನ ಅದು. ಆ ನಂಬಿಕೆ ಮುರಿದು ಗೆದ್ದರೆ ಅವಳಿಗೆ ಅದು ಗೆಲುವಾಗುತ್ತಿರಲಿಲ್ಲ.

ಕಿಶನ್ ಸರಸರನೆ ಹೊರಟುಹೋದ.

'ಹೋಗಲಿ. ಇನ್ನೇನು ಉಳಿದಿದೆ ಕೆಡಿಸೋಕೆ...'

ಸ್ವಲ್ಪ ಹೊತ್ತಿಗೆ ಅವನು ವಾಪಸು ಬಂದ. ಎದೆಗವಚಿಕೊಂಡು ತಂದದ್ದು ಒಂದು ಪಿಂಗಾಣಿ ಕುಟ್ಟಾಣಿ.

"ಬಾಟನಿಯವರ ಬೀರುನಲ್ಲಿ ಬಿದ್ದಿತ್ತು. ಇದಕ್ಕೆ ಯಾರೂ ಪೂಜೆ ಮಾಡಿಲ್ಲ, ಕೇಳ್ಕೊಂಡೇ ತಂದೆ. ನೀವು ಮುಟ್ಬೇಡಿ. ತೂಕ ಹೇಳಿ, ನಾನ್ ಅರೀತೀನಿ."

"ಅಷ್ಟು ಜೋರಾಗಲ್ಲ. ಇದೇನ್ ಮಸಾಲೆನಾ?" ಅವನು ಅರೆಯತೊಡಗುತ್ತಲೇ ಅವಳು ರೇಗಿದಳು.

"ಇಂಗೆ?" ಅವನು ಕೈ ಮೆತ್ತಗೆ ಮಾಡಿದ.

"ಹೂಂ... ನಿಲ್ಲಿಸ್ಬೇಡಿ."

ಮಧ್ಯಾಹ್ನ ಜಾರಿತು. ಅವನ ಅಂಗೈಯಲ್ಲಿ ಬೊಬ್ಬೆ ಎದ್ದಿತು. ಅವಳು ಹನಿ ಹನಿ ನೀರು ಬಿಡುತ್ತಾ ಬೈಯುತ್ತಲೇ ಇದ್ದಳು.

"ನನ್ನ ಪುಡಿ ಮೈಸೂರಿಗೆ ಹೋಗ್ದೇ ಇದ್ರೆ ನೀವೇ ಗೆಲ್ತಿದ್ರಲ್ಲ?" ಎಂದಳು.

"ನಿಮ್ಮನ್ನ ಕಳಿಸಿ ಗೆದ್ದು ನಾನೇನ್ ಮಾಡ್ಲಿ?"

ಅವಳ ಕೈಯ ಡ್ರಾಪರ್ ನಿಂತಿತು. ಆಗಲೇ ಅವಳು ಕಂಡದ್ದು, ಮೂಲೆಯಲ್ಲಿದ್ದ, ದ್ರಾವಕ ಕುದಿಸುವ ಅವನ ಒಲೆಯನ್ನು. ಅದರ ಮೇಲೆ ಧೂಳು. ಒಂದು ಹೂವೂ ಇಲ್ಲ. ತಂದದ್ದೆಲ್ಲ ಅವಳ ಯಂತ್ರಕ್ಕೇ ಮುಡಿಸಿದ್ದ.

'ಇವನಿಗೆ ಬಾಯಿ ಅಂತ ಒಂದು ಇಲ್ಲವಾ ಭಗವಂತ...'

"ಹೇಳೋಕೆ ಬರ್ಲಿಲ್ಲ ಸ್ಪಂದನ," ಎಂದ, ತಲೆ ಎತ್ತದೆ. "ನೀವಂದ್ರೆ ನಂಗೆ..."

ಸಂಜೆಗೆ ಪುಡಿ ನುಣ್ಣಗಾಗಿ ಸೀಸೆ ಸೇರಿತು. ಮುಚ್ಚಳ ಬಿಗಿದು ಅವಳು ನಿಟ್ಟುಸಿರಿಟ್ಟಳು.

"ಭಾನುವಾರ ನಾಗಮಂಗಲಕ್ಕೆ, ನಮ್ಮನೆಗೆ ಬನ್ನಿ. ಅಪ್ಪನ ಹತ್ರ ಮಾತಾಡಿ."

"ಏನಂತ?"

"ಅದನ್ನೂ ನಾನೇ ಹೇಳ್ಕೊಡ್ಬೇಕಾ?"

"ಬ್ಯಾಡ," ಎಂದ ಅವನು ಮೆಲ್ಲಗೆ. "ಬರ್ತೀನಿ."