ಚಕ್ಕುಬಂದಿಯಲ್ಲಿದ್ದ ಮನೆ

ಫೆಬ್ರವರಿ 11, ಮಂಗಳವಾರ, ಬೆಳಿಗ್ಗೆ 10.40. ಹೂಡಿ ಕಡೆಯ ಠಾಣೆಗೆ ಶೈಲಜಾ ಎಂಬ ಶಾಲಾ ಶಿಕ್ಷಕಿ ದೂರು ತಂದರು. ಜೊತೆಗೆ ಕೋಲೂರಿಕೊಂಡು ಬಂದ ತಾಯಿ ಚನ್ನಬಸಮ್ಮ.

ದಿನ್ನೆಪಾಳ್ಯದ ಚಿಕ್ಕಬೈರಪ್ಪ ಎಂಬವರ ಒಂಟಿ ಮನೆಗೆ ಶೈಲಜಾ ಹದಿನೆಂಟು ಲಕ್ಷ ಮುಂಗಡ ಕೊಟ್ಟಿದ್ದರು. ಬ್ಯಾಂಕಿನ ಸಾಲದ ಅರ್ಜಿಯಲ್ಲಿ ‘ಆಸ್ತಿಯ ಬಗೆ’ ಎಂಬಲ್ಲಿ ‘ಗ್ರಾಮಠಾಣಾ ಮನೆ’, ಅಂದರೆ ಹಳೆಯ ಊರೊಳಗಿನ ಮನೆ ಎಂದು ತುಂಬಿದ್ದರು. ಬ್ಯಾಂಕಿನ ವಕೀಲರು, ಇದು ಊರ ಹೊರಗಿನ ಹೊಲದಲ್ಲಿ ಅನುಮತಿಯಿಲ್ಲದೆ ಕಟ್ಟಿದ್ದಿರಬೇಕು ಎಂದು ಅರ್ಜಿಯನ್ನು ಹಿಂದಿರುಗಿಸಿದ್ದರು.

“ಈಗ ಎಲ್ಲಿದೀರಿ?” ಇನ್‌ಸ್ಪೆಕ್ಟರ್ ಉಮಾಶ್ರೀ ಕೇಳಿದರು.

“ರಾಜಗೋಪಾಲನಗರದಲ್ಲಿ ಮೇಡಂ. ಮೂರನೇ ಮಹಡಿ, ಲಿಫ್ಟ್ ಇಲ್ಲ. ಅಮ್ಮನ ಮಂಡಿ ಹೋಗಿದೆ ಅಂತ ಅದನ್ನ ಮಾರ್ಬಿಟ್ವಿ. ತಿಂಗಳ ಕೊನೆಗೆ ಖಾಲಿ ಮಾಡ್ಬೇಕು.”

“ಮುಂಗಡ ವಾಪಸ್ ಕೇಳಿದ್ರಾ?”

“‘ಬ್ಯಾಂಕಿನೋರಿಗೆ ನಮ್ಮೂರು ಗೊತ್ತಿಲ್ಲ’ ಅಂತಾರೆ.”

“ಅಂಗಳದಲ್ಲಿ ಇಡಾಕೆ ಬಿಲ್ವದ ಸಸೀನೂ ತಂದಿಟ್ಟೀನಿ ತಾಯಿ,” ಎಂದರು ಚನ್ನಬಸಮ್ಮ. ಉಮಾಶ್ರೀ ದೂರಿನ ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡರು.

11.30ಕ್ಕೆ ವಂಚನೆ, ಖೋಟಾ ದಾಖಲೆ ಎಂದು ಎಫ್‌ಐಆರ್ ಆಯಿತು. ಕೈಯಲ್ಲಿದ್ದ ಸಾಕ್ಷ್ಯ ಒಂದೇ: ಗ್ರಾಮ ಲೆಕ್ಕಿಗರ ಸಹಿ, ಮೊಹರು ಇದ್ದ, 1998ರ ಗ್ರಾಮಠಾಣಾ ದೃಢೀಕರಣ ಪತ್ರ. ಸಹಿ ಹಾಕಿದ ಲೆಕ್ಕಿಗರು ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಸತ್ತವರ ಸಹಿಗೆ ಬೆಂಗಳೂರಲ್ಲಿ ಯಾವತ್ತೂ ಬೇಡಿಕೆ ಹೆಚ್ಚು.

“ಈ ಮನಿ ತೋರಿಸಿದ ಬ್ರೋಕರ್ ಶಶಿಕುಮಾರನ ಕೆಲಸಾನೇ ಇದು, ಬರಕೊಡ್ತೀನ್ರಿ ಮೇಡಂ,” ಎಂದ ಹೆಡ್ ಕಾನ್‌ಸ್ಟೇಬಲ್ ಮಲಕಪ್ಪ.

ಶಶಿಕುಮಾರ್ ಮಹದೇವಪುರದ ಒಂದು ಟೀ ಅಂಗಡಿಯಲ್ಲಿ ಸಿಕ್ಕ. ಕೇಳುವ ಮೊದಲೇ ಹೆಗಲು ಮುಟ್ಟಿ ನೋಡಿಕೊಂಡ. “ನಾನು ಖೋಟಾ ಮಾಡಿಲ್ಲ ಮೇಡಂ!”

“ಖೋಟಾ ಅಂತ ಯಾರಂದ್ರು?”

“ಅಲ್ಲ... ಆ ಪೇಪರ್ ಚಿಕ್ಕಬೈರಪ್ಪನೋರೇ ಕೊಟ್ಟಿದ್ದು. ನಾನು ಬರೀ ಜೆರಾಕ್ಸ್ ಹೊಡ್ಸಿದ್ದು.”

ಅವನ ಮಾತನ್ನು ಇಬ್ಬರೂ ನಂಬಲಿಲ್ಲ.

12ರಂದು ಸರ್ವೆ ನಕ್ಷೆ ತರಿಸಿದರು. ಆ ಮನೆಯಿದ್ದ ಮೂಲೆಯಲ್ಲೇ ನಕ್ಷೆ ಹರಿದು, ಗ್ರಾಮಠಾಣದ ಗಡಿ ಕಾಣದಾಗಿತ್ತು. ಮಧ್ಯಾಹ್ನ 3ಕ್ಕೆ ಇಬ್ಬರೂ ದಿನ್ನೆಪಾಳ್ಯಕ್ಕೆ ಹೋಗಿ, ಊರಿನ ಹಿರಿಯಳಾದ ಮುನಿಯಕ್ಕನನ್ನು ಆ ಮನೆಯ ಮುಂದೆ ನಿಲ್ಲಿಸಿದರು.

“ಅಜ್ಜಿ, ಇದು ಮೊದ್ಲಿಂದ ಊರೊಳಗೇನಾ?”

“ಎಲ್ಲೀ ಊರವ್ವ! ಸಂಕ್ರಾಂತೀಲಿ ದನಕ್ಕೆ ಕಿಚ್ಚು ಆಯಿಸ್ತಿದ್ದಿದ್ದೇ ಇಲ್ಲಿ. ಊರೊಳ್ಗೆ ಯಾರಾನ ಉಲ್ಲಿಗೆ ಬೆಂಕಿ ಇಕ್ತಾರಾ?”

ಕಿಚ್ಚು ದಾಟಿದ ಮೇಲೆಯೇ ದನ ಊರೊಳಗೆ ಬರುತ್ತಿದ್ದವು. ನಕ್ಷೆ ಹರಿದಲ್ಲಿ ಸಂಕ್ರಾಂತಿ ಗಡಿ ಹಾಕಿತ್ತು. ಮುನಿಯಕ್ಕನ ಹೇಳಿಕೆಯನ್ನು ಮಲಕಪ್ಪ ಬರೆದುಕೊಂಡ.

ಪತ್ರ ಸುಳ್ಳೆಂದು ಗಟ್ಟಿಯಾಯಿತು. ಬರೆದವರು ಯಾರು? ಉಮಾಶ್ರೀ ಪತ್ರದಲ್ಲಿದ್ದ ಚಕ್ಕುಬಂದಿಯನ್ನು, ಅಂದರೆ ಮನೆಯ ನಾಲ್ಕು ದಿಕ್ಕಿಗೆ ಏನೇನಿದೆ ಎಂಬ ವಿವರವನ್ನು, ಜೋರಾಗಿ ಓದಿದರು.

“ಪೂರ್ವಕ್ಕೆ ದೊಡ್ಡಬೈರಪ್ಪನ ಮನೆ, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ಊರ ಬಾವಿ, ದಕ್ಷಿಣಕ್ಕೆ ಅರಳಿಕಟ್ಟೆ.”

ಆದರೆ ಎದುರಿಗಿದ್ದ ಮನೆಯ ಪೂರ್ವಕ್ಕೆ ಗೋದಾಮು, ಪಶ್ಚಿಮಕ್ಕೆ ರಾಜಕಾಲುವೆ. ಬಾವಿಯೂ ಇಲ್ಲ, ಕಟ್ಟೆಯೂ ಇಲ್ಲ.

“ಇಂಥ ಜಾಗ ಎಲ್ಲಿದೆ ಅಜ್ಜಿ?”

ಮುನಿಯಕ್ಕ ಊರ ನಡುವೆ ಕರೆದೊಯ್ದಳು. ಬಾವಿ, ಕಟ್ಟೆ, ಓಣಿ ಎಲ್ಲವೂ ಅಲ್ಲಿದ್ದವು. ನಡುವೆ ಒಂದು ಪಿ.ಜಿ. ಕಟ್ಟಡ.

“ಇದು ಚಿಕ್ಕಬೈರನ ಅಪ್ಪನ ಮನೆ ಇದ್ದ ಜಾಗ. ಭಾಗ ಆದಾಗ ಮೂಡ್ಲ ಪಾಲಿನ ಅಣ್ಣ ದೊಡ್ಡಬೈರ ಎರಡು ಪಾಲೂ ಇಟ್ಕಂಡ. ತಮ್ಮನ್ನ ಊರಾಚೆ ಒಲಕ್ಕೆ ಆಕ್ಬುಟ್ಟ.”

ಬ್ರೋಕರ್ ಬರೆದಿದ್ದರೆ ಗೋದಾಮು ಬರೆಯುತ್ತಿದ್ದ. ಅಪ್ಪನ ಮನೆಯ ಸುತ್ತಲಿನದನ್ನು ಹೀಗೆ ಬಾಯಿಪಾಠವಾಗಿ ಬರೆಯಲು ಮಗನೇ ಬೇಕು.

13ರಂದು ಬೆಳಿಗ್ಗೆ 9.15. ಪಂಚರ ಸಮಕ್ಷಮ ಚಿಕ್ಕಬೈರಪ್ಪನ ಮನೆ ಶೋಧಿಸಿದರು. ಟ್ರಂಕಿನಲ್ಲಿ ಸಹಿ, ಮೊಹರು ಬಿದ್ದ ಏಳು ಖಾಲಿ ನಮೂನೆಗಳಿದ್ದವು. ಪಂಚನಾಮೆ ಮಾಡಿ ವಶಕ್ಕೆ ಪಡೆದರು. ಲೆಕ್ಕಿಗರ ಬಳಿ ಇಪ್ಪತ್ತು ವರ್ಷ ಗ್ರಾಮ ಸಹಾಯಕನಾಗಿದ್ದವನು ಅವನು.

“ನೀವೇ ಬರ್ದಿದ್ದಾ?”

“ಊ.”

“ಯಾವಾಗ?”

“ಲೆಕ್ಕಿಗರು ಇದ್ದಾಗ್ಲೇ. ಮಾರಕ್ಕಲ್ಲ ಕಣವ್ವ, ಸುಮ್ನೆ ಬರ್ಕಂಡೆ. ಆ ಮೇಷ್ಟ್ರಮ್ಮ ‘ಇದು ಯಾವ ತರದ ಮನೆ’ ಅಂದ್ರು. ಊರಾಚೆದು ಅನ್ನಕ್ಕೆ ನಾಲಿಗೆ ಬರ್ಲಿಲ್ಲ.”

“ಹದಿನೆಂಟು ಲಕ್ಷ ಇಸ್ಕೊಳ್ಳೋಕೆ ಕೈ ಬಂತಲ್ಲ?”

ಅವನು ತಲೆ ತಗ್ಗಿಸಿದ. “ಬ್ಯಾಂಕಲ್ಲೇ ಐತೆ. ಆ ದುಡ್ಡು ಕೊಟ್ರೆ ಅಪ್ಪನ ಮನೇಲಿ ಅರ್ಧ ಕೊಡ್ತೀವಿ ಅಂದವ್ರೆ ಅಣ್ಣನ ಮಕ್ಳು.”

ಉಮಾಶ್ರೀ ಅವರಿಗೆ ಸಿಟ್ಟೂ ಬಂತು, ಮರುಕವೂ ಬಂತು. ಆದರೆ ಮರುಕಕ್ಕೆ ಬಂಧನ ಪತ್ರದಲ್ಲಿ ಕಾಲಂ ಇಲ್ಲ. ಅವನ ಬ್ಯಾಂಕ್ ಖಾತೆಯನ್ನು ತಡೆಹಿಡಿಸಿ ಶೈಲಜಾಗೆ ಫೋನ್ ಮಾಡಿದರು. “ಹಣ ಪೂರ್ತಿ ಇದೆ. ಕೋರ್ಟಿಂದ ಬಿಡಿಸ್ಕೊಬೇಕು.”

“ಅಮ್ಮಂಗೆ ಏನ್ ಹೇಳ್ಲಿ ಮೇಡಂ?”

“ಸಸಿಗೆ ನೀರು ಹಾಕ್ತಿರಿ ಅನ್ನಿ. ಅಂಗಳ ಇನ್ನೊಂದು ಸಿಗುತ್ತೆ.”

ಮಲಕಪ್ಪ ಬಂಧನ ಪತ್ರ ತುಂಬುತ್ತಿದ್ದ. ಹೆಸರು, ತಂದೆಯ ಹೆಸರು, ವಯಸ್ಸು ಅರವತ್ತೇಳು.

“ವಾಸ ಎಲ್ಲಿ ಅಂತ ಬರೀಲಿ?”

ಚಿಕ್ಕಬೈರಪ್ಪ ಬಾಗಿಲಾಚೆಯ ಗೋದಾಮಿನ ಗೋಡೆಯನ್ನೇ ಸ್ವಲ್ಪ ಹೊತ್ತು ನೋಡಿದ.

“ಊರಾಚೆ ಅಂತ ಬರ್ಕಳಿ ಸಾಮಿ,” ಎಂದು ಸಹಿಗೆ ಪೆನ್ನು ಕೇಳಿದ.